ಎಂಟನೆಯ ಅಕ್ಷರ

ನನ್ನ ಸೋದರಮಾವನಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಆದರೆ ಅವನಷ್ಟು ಚೆಂದವಾಗಿ ಇಂಗ್ಲಿಷ್ ಅಕ್ಷರ ಬರೆಯುವವರು ಸುತ್ತಮುತ್ತ ಯಾರೂ ಇರಲಿಲ್ಲ. ಅಂಗಡಿಗಳಿಗೆ ಬೋರ್ಡು ಬರೆಯುವುದು ಅವನ ಕಸುಬು. ಅಂಗಡಿಯವರು ಚೀಟಿಯಲ್ಲಿ ಬರೆದುಕೊಟ್ಟದ್ದನ್ನು ಅವನು ಓದುತ್ತಿರಲಿಲ್ಲ, ನೋಡುತ್ತಿದ್ದ. ಎಸ್ ಅವನಿಗೆ ಹಾವು. ಓ ಗಾಲಿ. ಎ ಎಂದರೆ ಕಾಲಗಲಿಸಿ ನಿಂತ ಏಣಿ. ಇ ಎಂದರೆ ಮೂರೇ ಹಲ್ಲು ಉಳಿದ ಬಾಚಣಿಗೆ. ಸೀಮೆಸುಣ್ಣದ ಪುಡಿ ಹಚ್ಚಿದ ದಾರವನ್ನು ಬೋರ್ಡಿನ ಮೇಲೆ ಬಿಗಿಯಾಗಿ ಎಳೆದು, ನಡುವೆ ಒಮ್ಮೆ ಮೀಟಿ ಬಿಟ್ಟರೆ ನೇರವಾದ ಗೆರೆ ಮೂಡುತ್ತಿತ್ತು. ಆ ಗೆರೆಯ ಮೇಲೆ ಹಾವು, ಗಾಲಿ, ಏಣಿಗಳನ್ನು ಸಾಲಾಗಿ ನಿಲ್ಲಿಸುತ್ತಿದ್ದ. ಎರಡು ಅಕ್ಷರಗಳ ನಡುವೆ ಎಷ್ಟು ಜಾಗ ಬಿಡಬೇಕೆನ್ನುವುದು ಅವನಿಗೆ ಅಳತೆಪಟ್ಟಿ ಇಲ್ಲದೆಯೇ ಗೊತ್ತಾಗುತ್ತಿತ್ತು.

"ಅರ್ಥ ಗೊತ್ತಿಲ್ಲದೆ ಹೇಗೆ ಬರೀತೀಯಾ ಮಾವ?" ಎಂದು ಚಿಕ್ಕಂದಿನಲ್ಲಿ ನಾನು ಕೇಳಿದ್ದೆ.

"ಚಿತ್ರ ಬರೆಯೋನು ಮೂಗು ಬರೀತಾನಲ್ಲ, ಅವನಿಗೇನು ನೆಗಡಿ ಬಂದಿರಬೇಕಾ?" ಎಂದಿದ್ದ.

ಅವನಿಗೆ ಸ್ವಂತ ಮನೆಯಿರಲಿಲ್ಲ. ಎರಡು ತಿಂಗಳಿಗೊಮ್ಮೆ ನಮ್ಮ ಮನೆಗೆ ಬಂದು, ಬಟ್ಟೆ ಒಗೆದು, ಎರಡು ದಿನ ಗಡದ್ದಾಗಿ ನಿದ್ದೆ ಮಾಡಿ ಮತ್ತೆ ಹೊರಡುತ್ತಿದ್ದ. "ನನ್ನ ತಮ್ಮನ ಕಾಲಿಗೆ ಚಕ್ರ ಕಟ್ಟಿದೆ. ಬಿಚ್ಚೋಣ ಅಂದ್ರೆ ಗಂಟು ಎಲ್ಲಿದೆ ಅಂತ ಸಿಗ್ತಿಲ್ಲ" ಎನ್ನುತ್ತಿದ್ದಳು ಅಮ್ಮ. ಅವನ ಆಸ್ತಿಯೆಂದರೆ ಬ್ರಶ್ಶುಗಳ ಒಂದು ತಗಡಿನ ಡಬ್ಬಿ, ಬರೆಯುವಾಗ ಕೈ ಆನಿಸಿಕೊಳ್ಳುವ ಒಂದು ಕೋಲು, ಎನಾಮಲ್ ಬಣ್ಣದ ಆರು ಡಬ್ಬಿಗಳು ಮತ್ತು ಒಂದು ದಪ್ಪ ನೋಟ್‌ಬುಕ್ಕು. ತಾನು ಬರೆದ ಪ್ರತಿಯೊಂದು ಬೋರ್ಡಿನ ಪುಟ್ಟ ನಕಲನ್ನು ಅದರಲ್ಲಿ ಊರಿನ ಹೆಸರಿನ ಜೊತೆ ಬರೆದಿಡುತ್ತಿದ್ದ.

ಅವನಿಗೆ ಮೂವತ್ತೊಂದು ವರ್ಷವಾಗಿದ್ದಾಗ, ನಮ್ಮೂರಿಂದ ಆರು ಗಂಟೆ ಬಸ್ಸಿನ ದಾರಿಯಲ್ಲಿದ್ದ ಒಂದು ಊರಿನಲ್ಲಿ, ಶಾಲೆಯ ಗೇಟಿನ ಎದುರಿನ ಅಂಗಡಿಗೆ ಬೋರ್ಡು ಬರೆಯುವ ಕೆಲಸ ಬಂತು. ಪೆನ್ಸಿಲ್ಲು, ನೋಟ್‌ಬುಕ್ಕು, ಲಕೋಟೆ, ಮಸಿ ಮಾರುವ ಚಿಕ್ಕ ಅಂಗಡಿ. ಅದರ ಹಿಂದಿನ ಎರಡು ಕೋಣೆಗಳೇ ಮನೆ. ಯಜಮಾನರಿಗೆ ಲಕ್ವ ಹೊಡೆದು ಬಲಗೈ ಬಲಗಾಲು ಬಿದ್ದುಹೋಗಿದ್ದವು. ಪರದೆಯ ಹಿಂದೆ ಮಂಚದ ಮೇಲೆ ಮಲಗಿರುತ್ತಿದ್ದರು. ಏನಾದರೂ ಬೇಕಾದರೆ ಚಮಚದಿಂದ ಲೋಟಕ್ಕೆ ಬಡಿಯುತ್ತಿದ್ದರು. ಅಂಗಡಿ ನೋಡಿಕೊಳ್ಳುತ್ತಿದ್ದವಳು ಮಗಳು. ದೊಡ್ಡ ಊರಿನಲ್ಲಿ ಇಂಗ್ಲಿಷ್ ಎಂ.ಎ. ಓದುತ್ತಿದ್ದವಳು ಅಪ್ಪ ಬಿದ್ದ ಸುದ್ದಿ ಕೇಳಿ ಓದನ್ನು ಅರ್ಧಕ್ಕೆ ಬಿಟ್ಟು ಬಂದಿದ್ದಳು. ಬಂದು ಆರು ವರ್ಷವಾಗಿತ್ತು. ಆ ಆರು ವರ್ಷಗಳಲ್ಲಿ ಆಕೆ ಪಕ್ಕದ ಊರನ್ನೂ ನೋಡಿರಲಿಲ್ಲ. ಅಣ್ಣನೊಬ್ಬನಿದ್ದ. ಅವನು ಬೇರೆ ಕಡೆ ನೌಕರಿಯಲ್ಲಿದ್ದು, ವರ್ಷಕ್ಕೊಂದು ಸಲ ಬಂದು ತಂಗಿಗೆ ಧೈರ್ಯ ಹೇಳಿ ಹೋಗುತ್ತಿದ್ದ.

ಮಾವ ಆಕೆಯ ಹತ್ತಿರ ಚೀಟಿ ಕೇಳಲೇ ಇಲ್ಲ. "ಸ್ಟೇಷನರಿ ಅನ್ನೋ ಪದ ನನಗೆ ಬಾಯಿಪಾಠ ಮೇಡಂ, ಹನ್ನೊಂದು ಊರಲ್ಲಿ ಬರೆದಿದ್ದೀನಿ" ಎಂದು ಏಣಿ ಹತ್ತಿದ. ಸಂಜೆಯ ಹೊತ್ತಿಗೆ ಹಳದಿ ಹಿನ್ನೆಲೆಯ ಮೇಲೆ ಕಡುನೀಲಿಯ ಹತ್ತು ಅಕ್ಷರಗಳು ಎದ್ದು ನಿಂತಿದ್ದವು. ಆಕೆ ಅಂಗಡಿಯಿಂದ ಹೊರಗೆ ಬಂದು ತಲೆಯೆತ್ತಿ ನೋಡಿದಳು. ಫಕ್ಕನೆ ನಕ್ಕು, ತಕ್ಷಣ ಬಾಯಿಗೆ ಕೈ ಅಡ್ಡ ಹಿಡಿದಳು.

"ಏನಾಯ್ತು ಮೇಡಂ?"

"ಏನಿಲ್ಲ. ಅಕ್ಷರ ತುಂಬಾ ಚೆನ್ನಾಗಿದೆ."

"ಚೆನ್ನಾಗಿದ್ರೆ ಯಾರೂ ನಗಲ್ಲ."

"ಎಂಟನೇದು ತಪ್ಪಿದೆ."

ಮಾವ ಕೆಳಗೆ ನಿಂತೇ ಬೆರಳು ಮಾಡಿ ಎಣಿಸಿದ. "ಏಣಿ. ಮೂರನೇದೂ ಏಣಿ, ಎಂಟನೇದೂ ಏಣಿ. ಸರಿಯಾಗೇ ಇದೆಯಲ್ಲ?"

ಆಕೆಗೆ ಅವನ ಲೆಕ್ಕ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. "ಮೂರನೇ ಜಾಗದಲ್ಲಿ ಏಣಿ ಸರಿ. ಎಂಟನೇ ಜಾಗದಲ್ಲಿ ಇ ಬರಬೇಕಿತ್ತು."

"ಬಾಚಣಿಗೆ."

"ಬಾಚಣಿಗೆ," ಎಂದು ಆಕೆ ಒಪ್ಪಿದಳು. "ಬಾಚಣಿಗೆ ಇದ್ರೆ ನಾವು ಮಾರೋ ಕಾಗದ, ಪೆನ್ನು, ಲಕೋಟೆ. ಏಣಿ ಇದ್ರೆ ಅದು ಬೇರೆ ಪದ. ಬಾಯಲ್ಲಿ ಹೇಳಿದ್ರೆ ಎರಡೂ ಒಂದೇ ಥರ ಕೇಳುತ್ತೆ. ಆದ್ರೆ ಅದು ಗುಣವಾಚಕ."

"ಅಂದ್ರೆ?"

"ಒಂದು ವಸ್ತು ಎಂಥದು ಅಂತ ಹೇಳೋ ಪದ. ಕೆಂಪು, ಹಳೇ, ದೊಡ್ಡ ಅಂತೀವಲ್ಲ, ಹಾಗೆ."

"ಇದು ಎಂಥದು ಅನ್ನುತ್ತೆ?"

"ಅಲ್ಲಾಡದ್ದು. ಇದ್ದ ಕಡೇನೇ ಇರೋದು." ಆಕೆ ಬೋರ್ಡನ್ನೇ ನೋಡುತ್ತ ಹೇಳಿದಳು. "ಅಂಗಡಿ ಹೆಸರು ಬರೀರಿ ಅಂದ್ರೆ ನೀವು ನನ್ನ ಹೆಸರು ಬರೆದುಬಿಟ್ಟಿದ್ದೀರಿ."

ಮಾವ ಬಣ್ಣದ ಕೈಯನ್ನು ಟರ್ಪೆಂಟೈನಿನ ಬಟ್ಟೆಯಿಂದ ಒರೆಸುತ್ತಲೇ ಇದ್ದ. ಅಷ್ಟರಲ್ಲಿ ಒಳಗಿಂದ ಚಮಚದ ಸದ್ದು ಬಂತು. ಆಕೆ ಹೋಗಿ ಅಪ್ಪನನ್ನು ಮಗ್ಗುಲು ಬದಲಿಸಿ ಮಲಗಿಸಿ ಬಂದಳು. ಬರುವಾಗ ಎರಡು ಇಟ್ಟಿಗೆಯಷ್ಟು ದಪ್ಪದ ನಿಘಂಟನ್ನು ತಂದು ಗಲ್ಲಾಪೆಟ್ಟಿಗೆಯ ಮೇಲಿಟ್ಟಳು. ಬಹಳ ದಿನಗಳಿಂದ ಆ ಪುಸ್ತಕವನ್ನು ಬೇರೆಯವರಿಗಾಗಿ ತೆರೆದಿರಲಿಲ್ಲವೆಂದು, ಅದರ ಧೂಳು ಕೊಡವಿದ ರೀತಿಯಲ್ಲೇ ಗೊತ್ತಾಗುತ್ತಿತ್ತು ಎಂದು ಮಾವ ಹೇಳುತ್ತಿದ್ದ.

"ಲ್ಯಾಟಿನ್ ಅಂತ ಒಂದು ಹಳೇ ಭಾಷೆ ಇತ್ತು. ಅದರಲ್ಲಿ ನಿಲ್ಲೋದಕ್ಕೆ, ನಿಲ್ಲೋ ಜಾಗಕ್ಕೆ ಒಂದು ಪದ ಇದೆ. ನಮ್ಮ ಬಸ್ ಸ್ಟೇಷನ್ನೂ ಅಲ್ಲಿಂದಲೇ ಬಂದದ್ದು. ನಮ್ಮ ಸ್ಥಾವರ ಅನ್ನೋ ಮಾತಿಗೂ ಬಹಳ ಹಿಂದೆ ಬೇರು ಒಂದೇ. ಆಗೆಲ್ಲ ಮಾರೋರು ಹೆಗಲ ಮೇಲೆ ಗಂಟು ಹೊತ್ತು ಊರೂರು ತಿರುಗ್ತಿದ್ರು. ಕೆಲವರು ಮಾತ್ರ ಒಂದು ಕಡೆ ಮಳಿಗೆ ಹಾಕಿ ಕೂತ್ರು. ಹೆಚ್ಚಾಗಿ ಪುಸ್ತಕ ಮಾರೋರು, ವಿದ್ಯಾಪೀಠಗಳ ಹತ್ತಿರ. ಅವರನ್ನ ಸ್ಟೇಷನರ್ ಅಂದ್ರು. ನೆಲೆ ನಿಂತ ವ್ಯಾಪಾರಿ ಅಂತ. ಅವರು ಮಾರಿದ ಸಾಮಾನು ಸ್ಟೇಷನರಿ ಆಯ್ತು."

"ಹಾಗಾದ್ರೆ ಎರಡೂ ಒಂದೇ ತಾಯಿ ಮಕ್ಕಳು."

"ಹೌದು. ನಿಂಗೆ ಏಣಿ, ನಂಗೆ ಬಾಚಣಿಗೆ ಅಂತ ಪಾಲು ಮಾಡಿಕೊಂಡದ್ದು ಆಮೇಲೆ."

"ಗಂಟು ಹೊತ್ತು ತಿರುಗೋರಿಗೆ ಏನಂತಾರೆ ಇದರಲ್ಲಿ?"

"ಅದಕ್ಕೆ ಬೇರೆ ಪುಟ ನೋಡಬೇಕು," ಎಂದು ಆಕೆ ನಕ್ಕಳು. "ನಾನು ಸ್ಥಾವರ, ನೀವು ಜಂಗಮ. ನಾವಿಬ್ಬರೂ ಒಂದೇ ಪುಟಕ್ಕೆ ಬರಲ್ಲ."

ಸಾಮಾನ್ಯವಾಗಿ ಇಂಥ ತಪ್ಪಾದರೆ ಮಾವ ಹತ್ತು ನಿಮಿಷದಲ್ಲಿ ಅಕ್ಷರ ಅಳಿಸಿ ಬೇರೆ ಬರೆದು ಕೈತೊಳೆದುಕೊಳ್ಳುತ್ತಿದ್ದ. ಆದರೆ ಅವತ್ತು ಅವನಿಗೆ ಆ ಹನ್ನೊಂದು ಊರುಗಳ ನೆನಪಾಯಿತು. ನೋಟ್‌ಬುಕ್ಕು ತೆಗೆದು ಹಾಳೆ ತಿರುವಿದ. ಮೊದಲನೆಯ ಅಂಗಡಿಯವನು ಕೊಟ್ಟ ಚೀಟಿಯಲ್ಲೇ ತಪ್ಪಿತ್ತು. ಆಮೇಲಿನ ಹತ್ತು ಕಡೆಗಳಲ್ಲಿ ಮಾವ ಚೀಟಿ ಕೇಳದೆ ಅದನ್ನೇ ಬರೆದಿದ್ದ. ಹನ್ನೊಂದು ಊರು, ಹನ್ನೊಂದು ಏಣಿ.

"ಹೋಗಿ ತಿದ್ದಿ ಬರ್ತೀನಿ," ಎಂದ.

"ಹನ್ನೊಂದು ಊರಿಗಾ? ಯಾರಿಗೂ ಗೊತ್ತಾಗಿಲ್ಲವಲ್ಲ."

"ನನಗೆ ಗೊತ್ತಾಯ್ತಲ್ಲ."

ಆಕೆ ಕಪಾಟಿನಿಂದ ಹನ್ನೊಂದು ಅಂಚೆಕಾರ್ಡು ಎಣಿಸಿ ತೆಗೆದು, ಅಲ್ಲೇ ನಿಂತು ಹನ್ನೊಂದರ ಮೇಲೂ ತನ್ನ ವಿಳಾಸ ಬರೆದು ಅವನ ಕೈಗೆ ಕೊಟ್ಟಳು.

"ಒಂದೊಂದು ಊರಿಂದ ಒಂದೊಂದು ಹಾಕಿ. ತಿದ್ದಿದ್ದು ಗೊತ್ತಾಗಲಿ. ಜೊತೆಗೆ ಆ ಊರು ಹೇಗಿದೆ ಅಂತ ಎರಡು ಸಾಲು. ನಾನು ನೋಡಿದ ಹಾಗಾಗುತ್ತೆ."

"ನಿಮ್ಮ ಬೋರ್ಡು ಈಗಲೇ ಸರಿ ಮಾಡಿಕೊಡ್ತೀನಿ."

"ಬೇಡ, ನಮ್ಮದು ಕೊನೇಲಿ ಆಗಲಿ. ಅಲ್ಲೀತನಕ ಹೀಗೇ ಇರ್ತೀನಿ."

ದಾರಿಯಲ್ಲಿ ನಮ್ಮ ಮನೆಗೆ ಬಂದು ಮಾವ ಇದನ್ನೆಲ್ಲ ಹೇಳಿದಾಗ ಅಮ್ಮ ತಲೆ ಚಚ್ಚಿಕೊಂಡಳು. "ಊರಿಗೇ ಗೊತ್ತಿಲ್ಲದ ತಪ್ಪನ್ನ ನೀನೇ ಹೋಗಿ ಡಂಗುರ ಹೊಡೀತೀಯಾ? ಯಾರೋ ಅದು, ನಿನ್ನ ತಲೆ ತಿರುಗಿಸಿದ್ದು?"

"ಯಾರೂ ಇಲ್ಲಕ್ಕ. ನಿಘಂಟಿನಲ್ಲಿ ಹಾಗಿದೆ."

"ನಿಘಂಟಿಗೆ ಎಷ್ಟು ವಯಸ್ಸು? ಮದುವೆ ಆಗಿದೆಯಾ?" ಎಂದಳು ಅಮ್ಮ. ಅವತ್ತಿನಿಂದ ನಮ್ಮ ಮನೆಯಲ್ಲಿ ಆಕೆಯ ಹೆಸರು ನಿಘಂಟು ಎಂದೇ ಆಯಿತು.

ಆ ಕಾರ್ಡುಗಳಲ್ಲಿ ಏನಿತ್ತು ಎನ್ನುವುದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ, ಆಕೆಯ ಬಾಯಿಂದಲೇ. ಮೊದಲನೆಯದರಲ್ಲಿ ಬರೀ ಒಂದು ಸಾಲು: "ತಿದ್ದಿದೆ. ಊರು ಚೆನ್ನಾಗಿದೆ." ಎರಡನೆಯದನ್ನು ಬರೆಯುವಾಗ ಮಾವನಿಗೆ ನಾಚಿಕೆಯಾಯಿತಂತೆ. ಇಷ್ಟು ವರ್ಷ ತಿರುಗಿದ್ದರೂ ಊರೆಂದರೆ ಅವನಿಗೆ ಬೋರ್ಡುಗಳು ಮಾತ್ರ. ಬೇರೆಯವರ ಕಣ್ಣಿಗಾಗಿ ನೋಡುವ ಅಭ್ಯಾಸ ಇರಲಿಲ್ಲ. ಅವತ್ತು ಸಂಜೆ ಬಸ್ಸು ಹತ್ತುವ ಬದಲು ಊರಲ್ಲೆಲ್ಲ ನಡೆದಾಡಿ ಬಂದು ಬರೆದ: "ಇಲ್ಲಿ ಒಂದು ಸೇತುವೆ ಇದೆ. ಗಾಳಿ ಎಷ್ಟು ಜೋರು ಅಂದರೆ ಸೈಕಲ್ಲಿನವರೆಲ್ಲ ಇಳಿದು ತಳ್ಳಿಕೊಂಡು ಹೋಗುತ್ತಾರೆ. ಹಾಗಾಗಿ ಸೇತುವೆ ಮೇಲೆ ಎಲ್ಲರಿಗೂ ಎಲ್ಲರ ಪರಿಚಯ."

ನಾಲ್ಕನೆಯ ಊರಿನಲ್ಲಿ ಅಂಗಡಿಯವನು ಕೆಂಡಾಮಂಡಲವಾದ. "ಅಂದ್ರೆ ಮೂರು ವರ್ಷದಿಂದ ಓದಿದವರೆಲ್ಲ ನನ್ನನ್ನ ನೋಡಿ ಒಳಗೊಳಗೇ ನಗ್ತಿದ್ರು ಅಂತೀಯಾ?" ಎಂದು, ಒಂದೇ ಅಕ್ಷರ ತಿದ್ದುವುದಕ್ಕೆ ಒಪ್ಪದೆ, ಇಡೀ ಬೋರ್ಡನ್ನು ಹೊಸದಾಗಿ ಬರೆಸಿಕೊಂಡೇ ಬಿಟ್ಟ. ಆರನೆಯವನು ಮುಟ್ಟಲು ಬಿಡಲಿಲ್ಲ. "ಈ ಬೋರ್ಡು ಹಾಕಿದ ಮೇಲೇ ನನಗೆ ವ್ಯಾಪಾರ ಕುದುರಿದ್ದು. ತಪ್ಪೋ ಒಪ್ಪೋ, ಅದೃಷ್ಟಕ್ಕೆ ಕೈ ಹಾಕಬೇಡ." ಮಾವ ಎರಡು ದಿನ ಅವನ ಅಂಗಡಿಯ ಮುಂದೆ ಕೂತು ಬೇಡಿಕೊಂಡು, ಕೊನೆಗೆ ಸೋತು ಕಾರ್ಡು ಬರೆದ: "ಇಲ್ಲಿ ಏಣಿಯೇ ಗೆದ್ದಿತು."

ಎಂಟನೆಯ ಊರಿನಲ್ಲಿ ಅಂಗಡಿಯೇ ಇರಲಿಲ್ಲ. ಬಾಗಿಲು ಹಾಕಿ ಎರಡು ವರ್ಷವಾಗಿತ್ತು. ಮಾವ ಬೋರ್ಡು ಎಲ್ಲಿ ಹೋಯಿತೆಂದು ಕೇಳುತ್ತ ಹೋದಾಗ, ಊರಾಚೆಯ ಒಂದು ಮನೆಯ ಹಿತ್ತಲಿನಲ್ಲಿ ಅದು ಕೋಳಿಗೂಡಿನ ಗೋಡೆಯಾಗಿತ್ತು. ಮನೆಯ ಅಜ್ಜಿ, "ಬೇಕಿದ್ರೆ ತಗೊಂಡು ಹೋಗು, ಬದಲಿಗೆ ಇನ್ನೊಂದು ಹಲಗೆ ಹೊಡೆದುಕೊಡು" ಎಂದಳು. "ತಗೊಂಡು ಹೋಗೋಕಲ್ಲಜ್ಜಿ, ತಿದ್ದೋಕೆ" ಎಂದು ಮಾವ ಅಲ್ಲೇ ಮಂಡಿಯೂರಿ ಕೂತ. ಕೋಳಿಗಳು ಕಾಲ ಸುತ್ತ ಕೆದಕುತ್ತಿದ್ದವು. ಅವನು ಏಣಿಯನ್ನು ಅಳಿಸಿ ಬಾಚಣಿಗೆ ಬರೆದು, ಬಣ್ಣ ಒಣಗುವ ತನಕ ಕೋಳಿಗಳನ್ನು ಕಾಯುತ್ತ ಕೂತಿದ್ದ. ಅಜ್ಜಿ ಅವನಿಗೆ ಒಂದು ಲೋಟ ಹಾಲು ತಂದುಕೊಟ್ಟು, "ಮನೇಲಿ ನಿನಗೆ ಯಾರಿದ್ದಾರಪ್ಪ?" ಎಂದು ಬಹಳ ಮೆತ್ತಗೆ ಕೇಳಿದಳಂತೆ, ಹುಚ್ಚರನ್ನು ಕೇಳುವ ಹಾಗೆ.

ಆ ಪ್ರಶ್ನೆ ಮಾತ್ರ ಅವನನ್ನು ಬಿಡಲಿಲ್ಲ. ಹೊಟ್ಟೆಪಾಡಿನ ಬೇರೆ ಕೆಲಸಗಳ ನಡುವೆ ಈ ಸುತ್ತಾಟಕ್ಕೆ ಏಳು ತಿಂಗಳು ಹಿಡಿಯಿತು. ಅಷ್ಟರಲ್ಲಿ ಅವನಿಗೆ ಒಂದು ಅಭ್ಯಾಸ ಬೆಳೆದಿತ್ತು: ಏನು ಕಂಡರೂ ಆಕೆಗೆ ಹೇಳುವ ಮಾತಾಗಿ ಅದನ್ನು ಒಳಗೇ ಜೋಡಿಸಿಕೊಳ್ಳುವುದು. ಎರಡು ಸಾಲಿಗೆ ಹಿಡಿಯದೆ ಉಳಿದುಹೋದ ಮಾತುಗಳು ರಾಶಿ ಬಿದ್ದಿದ್ದವು. ಅವನ್ನೆಲ್ಲ ಹೇಳಲು ಒಂದು ಕಡೆ ಕೂರಬೇಕು. ಎಲ್ಲಿ ಕೂರುವುದು? ಆಕೆಯ ಅಂಗಡಿಯ ಪಕ್ಕದಲ್ಲಿ ದರ್ಜಿಯೊಬ್ಬ ಬಿಟ್ಟುಹೋಗಿದ್ದ ಖಾಲಿ ಮಳಿಗೆಯೊಂದನ್ನು ಅವನು ನೋಡಿದ್ದ. ಬಾಗಿಲ ಮೇಲೆ ಬಾಡಿಗೆಗೆ ಎಂದು ಕೆಟ್ಟ ಅಕ್ಷರದಲ್ಲಿ ಬರೆದಿತ್ತು. ಹನ್ನೊಂದನೆಯ ಕಾರ್ಡಿನಲ್ಲಿ ಅವನು ಊರಿನ ಬಗ್ಗೆ ಏನೂ ಬರೆಯಲಿಲ್ಲ. "ಪಕ್ಕದ ಮಳಿಗೆ ಇನ್ನೂ ಖಾಲಿ ಇದೆಯೇ?" ಎಂದಷ್ಟೇ ಬರೆದ.

ಆಕೆಗೆ ಅದರ ಅರ್ಥ ತಿಳಿಯದೆ ಇರಲಿಲ್ಲ. ಆದರೆ ಉತ್ತರ ಎಲ್ಲಿಗೆ ಬರೆಯುವುದು? ತಿರುಗುವವನಿಗೆ ವಿಳಾಸವಿಲ್ಲ. ಒಂಬತ್ತನೆಯ ಮತ್ತು ಹತ್ತನೆಯ ಕಾರ್ಡಿನ ನಡುವೆ ಆಕೆಯ ಅಪ್ಪ ತೀರಿಕೊಂಡಿದ್ದರು. ಅದನ್ನೂ ಆಕೆ ಮಾವನಿಗೆ ತಿಳಿಸಲಾಗಿರಲಿಲ್ಲ.

ಮಾವ ಆಕೆಯ ಊರಿಗೆ ಬಂದಿಳಿದಾಗ ಅಂಗಡಿಯ ಬಾಗಿಲು ಅರ್ಧ ಮುಚ್ಚಿತ್ತು. ಒಳಗೆ ಕಪಾಟುಗಳು ಖಾಲಿ. ನೆಲದ ಮೇಲೆ ಹಗ್ಗ, ರಟ್ಟಿನ ಪೆಟ್ಟಿಗೆಗಳು. ಅಣ್ಣ ಬಂದು ಮಳಿಗೆಯನ್ನು ಚಪ್ಪಲಿ ಅಂಗಡಿಯವರಿಗೆ ಮಾತಾಡಿ ಕೊಟ್ಟಾಗಿತ್ತು. ಆಕೆಗೆ ಬಿಟ್ಟುಬಂದ ಕಾಲೇಜಿನಲ್ಲೇ ಮತ್ತೆ ಸೀಟು ಸಿಕ್ಕಿತ್ತು, ಹುಡುಗಿಯರ ಹಾಸ್ಟೆಲ್ಲಿನಲ್ಲಿ ಮೇಲ್ವಿಚಾರಣೆಯ ಕೆಲಸವೂ. ಮೂರು ದಿನದೊಳಗೆ ಹೋಗಿ ಸೇರಬೇಕಿತ್ತು.

"ಅಪ್ಪ ಹೋದ್ರು," ಎಂದಳು ಆಕೆ.

ಮಾವ ಪರದೆಯ ಕಡೆ ನೋಡಿದ. ಮಂಚವೂ ಇರಲಿಲ್ಲ.

"ನಿಮ್ಮದು ಬಾಕಿ ಇದೆ," ಎಂದ.

"ಮುಂದಿನ ವಾರ ಬೋರ್ಡೇ ಇಳಿಸ್ತಾರೆ. ಈಗ ಯಾಕೆ?"

"ಒಪ್ಪಿಕೊಂಡ ಕೆಲಸ."

ಮಾವ ಏಣಿ ಹತ್ತಿದ. ಆಕೆ ಕೆಳಗೆ ಏಣಿ ಹಿಡಿದು ನಿಂತಳು. ಹತ್ತು ನಿಮಿಷದ ಆ ಕೆಲಸಕ್ಕೆ ಅವನು ಮಧ್ಯಾಹ್ನವನ್ನೆಲ್ಲ ತೆಗೆದುಕೊಂಡ. ಹಳದಿ ಬಳಿದು ಒಣಗುವುದನ್ನು ಕಾದ. ಮತ್ತೊಂದು ಸಲ ಬಳಿದ. ಅವರಿಬ್ಬರೂ ಮುಖ ನೋಡದೆ ಮಾತಾಡಲು ಅದೊಂದು ಅನುಕೂಲವಾಯಿತು.

"ನನಗೆ ಹೋಗಬೇಕು," ಎಂದಳು ಕೆಳಗಿನಿಂದ. "ಈಗ ಹೋಗದಿದ್ರೆ ಇನ್ನು ಯಾವತ್ತೂ ಹೋಗಲ್ಲ."

"ಹೋಗಿ."

"ನೀವು?"

"ನಾನು ಸಾಕಷ್ಟು ಹೋಗಿದ್ದೀನಿ. ಪಕ್ಕದ ಮಳಿಗೆ ನೋಡ್ಕೊಂಡೇ ಬಂದೆ. ಬೆಳಕು ಚೆನ್ನಾಗಿದೆ."

ಏಣಿ ಒಂದಿಷ್ಟು ನಡುಗಿದ್ದು ಮಾವನ ಕಾಲಿಗೆ ಗೊತ್ತಾಯಿತು.

"ಎರಡು ವರ್ಷ," ಎಂದಳು. "ಕಾಯೋಕಾಗುತ್ತಾ?"

"ಅಭ್ಯಾಸ ಇಲ್ಲ. ಕಲೀತೀನಿ."

ಅವತ್ತು ಅವನು ಬರೆದ ಬಾಚಣಿಗೆಯಷ್ಟು ಚೆಂದದ ಅಕ್ಷರವನ್ನು ತಾನು ಬೇರೆಲ್ಲೂ ಬರೆಯಲಿಲ್ಲವೆಂದು ಮಾವ ಹೇಳುತ್ತಿದ್ದ. ಅದು ಐದು ದಿನ ಅಲ್ಲಿತ್ತು. ಮೂರನೆಯ ದಿನ ಆಕೆ ಬಸ್ಸು ಹತ್ತಿದಳು. ಆರನೆಯ ದಿನ ಚಪ್ಪಲಿ ಅಂಗಡಿಯವರು ಬೋರ್ಡು ಇಳಿಸಿದರು.

ಮಾವ ಪಕ್ಕದ ಮಳಿಗೆ ಹಿಡಿದ. ತಿರುಗುವುದನ್ನು ಬಿಟ್ಟ. ಬೋರ್ಡು ಬೇಕಾದವರು ತಾವೇ ಹಲಗೆ ಹೊತ್ತುಕೊಂಡು ಅವನ ಹತ್ತಿರ ಬರುವಂತಾಯಿತು. ಅಮ್ಮ ಹೋಗಿ ನೋಡಿ ಬಂದು, "ಚಾಪೆ, ಬಿಂದಿಗೆ, ಒಲೆ ಎಲ್ಲಾ ಇಟ್ಟಿದ್ದಾನೆ. ಕಾಲಿನ ಚಕ್ರ ಯಾರೋ ಬಿಚ್ಚಿದ್ದಾರೆ, ಅವಳೆಲ್ಲಿ?" ಎಂದಳು. ಆಕೆಯಿಂದ ಕಾಗದಗಳು ಬರುತ್ತಿದ್ದವು. ಮೊದಮೊದಲು ಕಾರ್ಡು, ಆಮೇಲೆ ನಾಲ್ಕು ಹಾಳೆ, ಆರು ಹಾಳೆ. ಸಮುದ್ರ ನೋಡಿದ್ದು, ಹಡಗುಕಟ್ಟೆಯಲ್ಲಿ ಕೆಲಸಗಾರರು ಇಡೀ ದಿನ ಕೂಗಾಡುವುದು, ಹಾಸ್ಟೆಲ್ಲಿನ ಹುಡುಗಿಯರ ತಂಟೆ, ಸಂಜೆ ಗೆಳೆಯರೆಲ್ಲ ಕೂಡಿ ಪುಸ್ತಕ ಓದಿ ವಾದ ಮಾಡುವುದು. ಎರಡು ವರ್ಷ ಮುಗಿದ ಮೇಲೆ ಆಕೆಗೆ ಅಲ್ಲೇ ಪಾಠ ಹೇಳುವ ಕೆಲಸ ಸಿಕ್ಕಿತು. ಮೂರನೆಯ ವರ್ಷದ ಒಂದು ಕಾಗದದ ಕೊನೆಯಲ್ಲಿ, "ನನಗೆ ಅಲ್ಲಿಗೆ ಬರಲು ಆಗದು. ನೀವೇ ಬನ್ನಿ. ಇಲ್ಲಿಯೂ ಅಂಗಡಿಗಳಿವೆ, ಇಲ್ಲಿಯೂ ಬೋರ್ಡು ಬೇಕು" ಎಂದಿತ್ತು.

ಮಾವ ಪ್ರಯಾಣಕ್ಕೆ ಹೊಸ ಅಂಗಿ ಹೊಲಿಸಿದ. ಬ್ರಶ್ಶುಗಳನ್ನು ತೊಳೆದು ಕಟ್ಟಿಟ್ಟ. ಆಮೇಲೆ "ಶಾಲೆಯ ಗೋಡೆ ಬರೆಯೋದಿದೆ, ಮುಂದಿನ ತಿಂಗಳು ಬರ್ತೀನಿ" ಎಂದು ಉತ್ತರ ಹಾಕಿದ. ಮುಂದಿನ ತಿಂಗಳು ಇನ್ನೊಂದು ಕೆಲಸ ಬಂತು. ಅದರ ಮುಂದಿನ ತಿಂಗಳು ಮತ್ತೊಂದು. ಕೆಲಸ ಬರೀ ನೆಪ ಎಂದು ಅವನಿಗೆ ಗೊತ್ತಿತ್ತು. ಆ ಗೆಳೆಯರ ಗುಂಪಿನಲ್ಲಿ ತಾನು ಕೂತಂತೆ, ಯಾರೋ ಒಂದು ಇಂಗ್ಲಿಷ್ ಪುಸ್ತಕ ಕೈಗಿತ್ತಂತೆ, ತನಗೆ ಅದರಲ್ಲಿ ಹಾವು, ಗಾಲಿ, ಏಣಿಗಳಷ್ಟೇ ಕಂಡಂತೆ ಅವನು ಮತ್ತೆ ಮತ್ತೆ ಕಲ್ಪಿಸಿಕೊಂಡ. ಮೊದಲು ಇಂಗ್ಲಿಷ್ ಓದಲು ಕಲಿತು ಆಮೇಲೆ ಹೋಗೋಣ ಎಂದು ಎದುರಿನ ಶಾಲೆಯ ಮೇಷ್ಟರ ಹತ್ತಿರ ಪಾಠಕ್ಕೆ ಕೂತ. ಮೂವತ್ತೈದರ ನಾಲಗೆ ಬೇಗ ಹೊರಳಲಿಲ್ಲ. ಅಷ್ಟರಲ್ಲಿ ಆಕೆಯ ಕಾಗದ ಎರಡು ಹಾಳೆಗೆ ಇಳಿಯಿತು, ಆಮೇಲೆ ಒಂದಕ್ಕೆ, ಆಮೇಲೆ ನಿಂತಿತು.

ಅಮ್ಮ ಬೈದಳು, ಅತ್ತಳು, ಬೇರೆ ಕಡೆ ಹೆಣ್ಣು ನೋಡುತ್ತೇನೆಂದಳು. ಅವನು ಯಾವುದಕ್ಕೂ ಜಗಳವಾಡಲಿಲ್ಲ. ಒಂದು ಸಲ ಮಾತ್ರ, ನಮ್ಮ ಮನೆಯ ಕಿಟಕಿಗೆ ಬಣ್ಣ ಬಳಿಯುತ್ತಿದ್ದಾಗ, ಕೇಳದೆಯೇ ಹೇಳಿದ:

"ಅಕ್ಕಾ, ಹೋಗಬೇಕಿತ್ತು."

ಅಮ್ಮ ಒಳಗೆ ಹೋದಳು. ಅವತ್ತಿನಿಂದ ಅವಳ ಬೈಗುಳ ನಿಂತಿತು.

ಹೀಗೆ ಮೂವತ್ತು ವರ್ಷ ಕಳೆದವು. ಕಂಪ್ಯೂಟರಿನಲ್ಲಿ ಅಚ್ಚು ಹಾಕುವ ಬೋರ್ಡುಗಳು ಬಂದು ಮಾವನ ಕೆಲಸ ಸೊರಗಿತು. ಕಣ್ಣಿನ ಪೊರೆಯೂ ಬಂದಿತು. ಅಮ್ಮ ತೀರಿಕೊಂಡ ವರ್ಷ ನಾನು ಹೋಗಿ, "ಒಬ್ಬನೇ ಇದ್ದದ್ದು ಸಾಕು ಮಾವ" ಎಂದು ಅವನನ್ನು ನಮ್ಮ ಮನೆಗೆ ಕರೆತಂದೆ.

ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ, ಕೈಯಲ್ಲಿ ಊರುಗೋಲು ಹಿಡಿದ ವಯಸ್ಸಾದ ಹೆಂಗಸೊಬ್ಬರು ನಮ್ಮ ಗೇಟಿನ ಮುಂದೆ ನಿಂತು, ಬೋರ್ಡು ಬರೆಯುವವರ ಮನೆ ಇದೇ ತಾನೇ ಎಂದು ಕೇಳಿದರು. ಚಪ್ಪಲಿ ಅಂಗಡಿಯಲ್ಲಿ ವಿಚಾರಿಸಿ, ವಿಳಾಸ ಪತ್ತೆ ಮಾಡಿ, ಎರಡು ಬಸ್ಸು ಬದಲಿಸಿ ಬಂದಿದ್ದರು. ನೋಡಿದ ಕ್ಷಣವೇ ನಾನು, "ನೀವು ನಿಘಂಟು" ಎಂದುಬಿಟ್ಟೆ. ಆಮೇಲೆ ನಾಲಗೆ ಕಚ್ಚಿಕೊಂಡೆ. ಅವರಿಗೆ ಅದರ ಕಥೆ ಹೇಳಿದಾಗ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮಾವ ಸ್ನಾನ ಮಾಡಿ ಬರುವ ತನಕ ಅವರು ನನಗೆ ಆ ಹನ್ನೊಂದು ಊರುಗಳ ಸುದ್ದಿ ಹೇಳಿದರು, ಒಂದೂ ಬಿಡದೆ. ತಾವು ಗ್ರಂಥಾಲಯ ನೋಡಿಕೊಳ್ಳುತ್ತಿದ್ದವರೊಬ್ಬರನ್ನು ಮದುವೆಯಾದದ್ದು, ಅವರು ಹೋಗಿ ಆರು ವರ್ಷವಾದದ್ದು, ಏಳು ಊರುಗಳಲ್ಲಿ ಪಾಠ ಹೇಳಿದ್ದು, ಎಲ್ಲವನ್ನೂ ಹೇಳಿದರು.

ಮಾವ ಟವೆಲಿನಿಂದ ತಲೆ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತ. ಕಣ್ಣು ಮಂಜಾಗಿದ್ದರೂ ಗುರುತು ಹಿಡಿಯಲು ತಡವಾಗಲಿಲ್ಲ.

"ಕೂತ್ಕೊಳ್ಳಿ," ಎಂದ. ಆಕೆ ಕೂತೇ ಇದ್ದರು.

ನಾನು ಟೀ ತರಲು ಒಳಗೆ ಹೋದೆ. ಅಡುಗೆಮನೆಗೆ ಮಾತು ಕೇಳುತ್ತಿತ್ತು. ಕೇಳಬಾರದಿತ್ತು, ಕೇಳಿದೆ.

"ಮುಂದಿನ ತಿಂಗಳು ಅಂತ ಬರೆದಿದ್ರಿ. ನಾನು ಹದಿನಾಲ್ಕು ತಿಂಗಳು ಕಾದೆ."

"ಭಯ ಆಯ್ತು."

"ಯಾವುದಕ್ಕೆ?"

"ನಿಮ್ಮ ಜನರ ಮುಂದೆ ಏನಾದ್ರೂ ತಪ್ಪು ಓದಿದ್ರೆ ಅಂತ."

ಊರುಗೋಲು ನೆಲಕ್ಕೆ ತಗುಲಿದ ಸದ್ದಾಯಿತು.

"ನನಗೆ ಸಿಟ್ಟು ಬಂದಿತ್ತು," ಎಂದರು ಆಕೆ. "ಒಂದು ದಿನದ ದಾರಿ. ನಾನೇ ಬಂದು ಜಗಳ ಆಡಬಹುದಿತ್ತು. ಬರಲಿಲ್ಲ. ಕರೆದ ಮೇಲೆ ಅವರೇ ಬರಲಿ ಅಂತ ಬಿಗುಮಾನ."

"ಜಗಳ ಆಡಿದ್ರೆ ಬಂದುಬಿಡ್ತಿದ್ದೆ."

"ಅದು ಈಗ ಹೇಳ್ತೀರಾ?"

ನಾನು ಟೀ ಹಿಡಿದು ಬಂದಾಗ ಇಬ್ಬರೂ ಅಂಗಳದ ಕಡೆ ನೋಡುತ್ತ ಕೂತಿದ್ದರು. ಆಕೆ ನಾಲ್ಕು ಗಂಟೆಯ ಬಸ್ಸಿಗೆ ಹೋದರು. ಮಾವ ಬಸ್ ನಿಲ್ದಾಣದ ತನಕ ಹೋಗಿ ಬಂದು, ಎರಡೂ ಲೋಟಗಳನ್ನು ತಾನೇ ತೊಳೆದಿಟ್ಟು, "ಅವರ ಊರಿಗೆ ನೇರ ಬಸ್ಸು ಯಾವಾಗ ಇದೆ ನೋಡು" ಎಂದ.

ಅರವತ್ತೆಂಟನೆಯ ವಯಸ್ಸಿನಲ್ಲಿ ಅವನು ಮತ್ತೆ ಹೊರಟ. ಎಂಟು ದಿನ ಇದ್ದು ಬಂದ. ಹೇಗಿತ್ತು ಎಂದರೆ, "ಮನೆ ತುಂಬಾ ಪುಸ್ತಕ. ಬಾಗಿಲಿಗೆ ಯಾರೋ ಅಡ್ಡಾದಿಡ್ಡಿ ಬಣ್ಣ ಬಳಿದಿದ್ರು, ಕೆರೆದು ಬಳಿದುಕೊಟ್ಟು ಬಂದೆ" ಎಂದ. ಆಮೇಲೆ ಇನ್ನೆರಡು ಸಲ ಹೋದ. ನಾಲ್ಕನೆಯ ಸಲ ಹೊರಟಾಗ ಮಂಡಿ ಬಸ್ಸಿನ ಮೆಟ್ಟಿಲು ಹತ್ತಲು ಒಪ್ಪಲಿಲ್ಲ. ಕಂಡಕ್ಟರು ಕೈ ಕೊಟ್ಟರೂ ಆಗಲಿಲ್ಲ. ವಾಪಸ್ಸು ಬಂದು ಚೀಲವನ್ನು ಮೂಲೆಯಲ್ಲಿಟ್ಟ. ಅದನ್ನು ಬಿಚ್ಚಲು ವಾರ ಹಿಡಿಯಿತು. ಆಕೆಗೂ ಈಗ ಮೆಟ್ಟಿಲು ಆಗದು.

ಈಗ ಭಾನುವಾರ ಹತ್ತು ಗಂಟೆಗೆ ಫೋನು. ಮಾವ ಒಂಬತ್ತಕ್ಕೇ ತಲೆ ಬಾಚಿಕೊಂಡು ಫೋನಿನ ಪಕ್ಕದ ಕುರ್ಚಿಯಲ್ಲಿ ಕೂತಿರುತ್ತಾನೆ. ಅವರ ಮಾತಿನಲ್ಲಿ ವಿಶೇಷವೇನಿಲ್ಲ. ಮಂಡಿ, ಮಾತ್ರೆ, ಹವೆ, ಪಕ್ಕದ ಮನೆಯವರ ನಾಯಿ. ಹತ್ತು ನಿಮಿಷಕ್ಕೆ ಮುಗಿಯುತ್ತದೆ. ಈ ಭಾನುವಾರವೂ ನಾನು ಪಕ್ಕದಲ್ಲೇ ಬಟ್ಟೆ ಮಡಿಸುತ್ತಿದ್ದೆ. "ಇನ್ನೇನು?" ಎಂದ ಮಾವ. ಆ ಕಡೆಯಿಂದ ಏನೋ ಹೇಳಿದರು. "ಇಲ್ಲೂ ಇನ್ನೇನಿಲ್ಲ" ಎಂದ. ಆಕೆ ಫೋನು ಇಡಲೇ ಎಂದು ಕೇಳಿರಬೇಕು.

"ಇರಲಿ, ಸ್ವಲ್ಪ ಹೊತ್ತು," ಎಂದು ಮಾವ ಫೋನನ್ನು ಕಿವಿಗೆ ಒತ್ತಿ ಹಿಡಿದು ಸುಮ್ಮನೆ ಕೂತ.